ಮೊದಲು ಬೇಲಿ, ನೀರು ಕೊಡಿ. ಆಮೇಲೆ ಕೈತೋಟದ ಫೋಟೊ ಕೇಳಿ

ವಿಜಯಪುರ ಜಿಲ್ಲೆಯ ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಶಾಲೆಯಲ್ಲೇ ಮಕ್ಕಳು ಸೊಪ್ಪು, ತರಕಾರಿ ಬೆಳೆಯುವ ಪೌಷ್ಟಿಕ ಕೈತೋಟಕ್ಕೆ ಕೇಂದ್ರ ಸರ್ಕಾರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದು ತಮಗೆ ಗೊತ್ತಿರುವುದೇ. ಆದರೆ ನಮ್ಮ ಕಡೆ ಅದರಲ್ಲಿ ಉಳಿದದ್ದು ಫೋಟೊ ಒಂದೇ. ಕಳೆದ ಜೂನ್ 5ರ ಪರಿಸರ ದಿನದಂದು ತಾಲೂಕಿನ ಒಂದು ಶಾಲೆಯಲ್ಲಿ ಮಕ್ಕಳ ಕೈಲಿ ಗುಂಡಿ ತೋಡಿಸಿದರು. ಪ್ಲಾಸ್ಟಿಕ್ ಚೀಲವನ್ನೂ ಹರಿಯದೆ ನುಗ್ಗೆ, ಕರಿಬೇವಿನ ಸಸಿ ಇಟ್ಟರು. ಫೋಟೊ ಆದ ಮೇಲೆ ಅವೇ ಸಸಿಗಳನ್ನು ಎತ್ತಿ ಗಾಡಿಗೆ ಹಾಕಿಕೊಂಡು ಮುಂದಿನ ಶಾಲೆಗೆ ಒಯ್ದರು. ತೋಡಿದ ಮಕ್ಕಳು ನೋಡುತ್ತ ನಿಂತಿದ್ದರು. ಅವರಿಗೆ ಅಂದು ಕಲಿಸಿದ್ದು ಮೋಸ, ಸಾಹೇಬರೆ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಬೇಲಿ ಬೇಕು, ನೀರು ಬೇಕು, ರಜೆಯಲ್ಲಿ ನೋಡಿಕೊಳ್ಳುವವರಿಗೆ ಕೂಲಿ ಬೇಕು. ಕೇಳುವುದು ಇಷ್ಟೇ.

ನಮ್ಮ ಎರಿ (ಕಪ್ಪು) ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ನೀರು ಹಿಡಿದು ಬೇರು ಕೊಳೆಸುತ್ತದೆ. ಸಮತಟ್ಟು ನೆಲದಲ್ಲಿ ಬೀಜ ಎರಚಿದರೆ ಒಂದು ದಪ್ಪ ಮಳೆಗೆ ಮೇಲೆ ಹೆಪ್ಪುಗಟ್ಟಿ ಮೊಳಕೆ ಒಳಗೇ ಸಾಯುತ್ತದೆ. ಅದಕ್ಕೇ ಏರುಮಡಿ ಬೇಕು: 3 ಮೀಟರ್ ಉದ್ದ, 15ರಿಂದ 20 ಸೆಂ.ಮೀ. ಎತ್ತರ, ಅಗಲ 1 ಮೀಟರಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಮಕ್ಕಳ ಕೈ ನಡುವಿಗೆ ಎಟುಕದೆ ಮಡಿಯನ್ನೇ ತುಳಿಯುತ್ತಾರೆ. ಮಡಿಗೊಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತದೆ. ರಾಜಗಿರಿಯಂಥ ಸಣ್ಣ ಬೀಜವನ್ನು ಮರಳಿನಲ್ಲಿ ಬೆರೆಸಿ ಉದುರಿಸಬೇಕು. ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಎರಡು ಸೆಂ.ಮೀ. ಆಳಕ್ಕೆ ಊರಬೇಕು.

ಪಾಠ ಇರುವುದು ಇಲ್ಲೇ. ನೂರು ಮೆಂತ್ಯ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೂರು ದಿನಕ್ಕೆ ಎಷ್ಟು ಮೊಳೆತವೆಂದು ಎಣಿಸಿದ ಮಗುವಿಗೆ ಶೇಕಡಾ ಲೆಕ್ಕವನ್ನು ಬೇರೆಯಾಗಿ ಕಲಿಸಬೇಕಿಲ್ಲ. ಮಡಿ ಅಳೆದವರಿಗೆ ವಿಸ್ತೀರ್ಣ ತಿಳಿಯುತ್ತದೆ. ಮೆಂತ್ಯ 25–30 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಮೂಲಂಗಿ 40–45ಕ್ಕೆ. ಪುಂಡಿ ಪಲ್ಯ, ಚವಳಿಕಾಯಿ (ಗೋರಿಕಾಯಿ) ಕಡಿಮೆ ನೀರಿಗೂ ತಡೆಯುತ್ತವೆ. ಸವಳು (ಉಪ್ಪು) ಬೋರ್ ನೀರಿದ್ದ ಊರಲ್ಲಿ ಬೀನ್ಸ್ ಎಲೆಯ ಅಂಚು ಸುಡುತ್ತದೆ, ಪಾಲಕ್ ಮಾತ್ರ ತಾಳಿಕೊಳ್ಳುತ್ತದೆ. ಯಾಕೆಂದು ಮಕ್ಕಳೇ ಕೇಳಲಿ.

ಕಾಯಿಪಲ್ಯೆ ಖರ್ಚು ಉಳಿಯುತ್ತದೆಂದು ಮಾತ್ರ ಯಾರೂ ಲೆಕ್ಕ ಹಾಕಬಾರದು. ಬಿಸಿಯೂಟದಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ. ನೂರು ಮಕ್ಕಳಿಗೆ 5 ಕೆ.ಜಿ. ಒಂದು ಮಡಿ ಮೆಂತ್ಯ ಚೆನ್ನಾಗಿ ಬಂದರೂ ಒಂದೆರಡು ಕೆ.ಜಿ. ತೋಟ ಇರುವುದು ಕಲಿಕೆಗೆ.

ನೀರಿನ ಲೆಕ್ಕವೂ ದೊಡ್ಡದಲ್ಲ. ಚಳಿಗಾಲದಲ್ಲಿ ಮಡಿಯೊಂದಕ್ಕೆ ದಿನಕ್ಕೆ ಸುಮಾರು 15 ಲೀಟರ್ ಸಾಕು. ನೂರು ಮಕ್ಕಳು ಊಟದ ಮುಂಚೆ ಒಂದೊಂದು ಲೀಟರಿನಲ್ಲಿ ಕೈ ತೊಳೆದರೆ ಆರು ಮಡಿಗೆ ಆಯಿತು. ಆ ನೀರು ಇಂದು ಗಟಾರ ಸೇರುತ್ತಿದೆ, ಯಾಕೆಂದರೆ ತೊಟ್ಟಿಯಿಂದ ಮಡಿಗೆ ಒಂದು ಪೈಪ್ ಇಲ್ಲ. ಎಣ್ಣೆ, ಸೋಪು ಇರುವ ಪಾತ್ರೆ ತೊಳೆದ ನೀರನ್ನಂತೂ ಮಡಿಗೆ ಬಿಡಬಾರದು. ಇನ್ನು ಬೇಲಿ ಇಲ್ಲದಿದ್ದರೆ ಮಾತೇ ಬೇಡ, ಆಡು ಒಂದೇ ರಾತ್ರಿಗೆ ಎಲ್ಲ ಮುಗಿಸುತ್ತದೆ.

ಕೈತೋಟ ಮಾಡಿ ಎಂಬ ಆದೇಶದ ವೇಳೆಯೂ ಬದಲಾಗಬೇಕು. ಜೂನ್ ಮೊದಲ ವಾರ ಇಲ್ಲಿ ಮಣ್ಣು ಇನ್ನೂ ಕಾದಿರುತ್ತದೆ, ಮಳೆಯ ಭರವಸೆ ಇರುವುದಿಲ್ಲ. ಸೊಪ್ಪು, ಮೂಲಂಗಿಗೆ ಒಳ್ಳೆಯ ಹಂಗಾಮು ಹಿಂಗಾರು. ದಸರಾ ರಜೆ ಮುಗಿದ ಕೂಡಲೇ ಬಿತ್ತಿದರೆ ಫೆಬ್ರುವರಿವರೆಗೆ ಕೊಯ್ಯಬಹುದು. ಬೇಸಿಗೆಯಲ್ಲಿ ನುಗ್ಗೆ, ಕರಿಬೇವಿಗಷ್ಟೇ ನೀರು ಬೇಕು. ಅದಕ್ಕೆ ಅಡುಗೆಯವರಲ್ಲೇ ಒಬ್ಬರಿಗೆ ಕೂಲಿ ಕೊಟ್ಟರೆ ಸಾಕು. ಪುಕ್ಕಟೆ ದುಡಿಯಿರಿ ಎನ್ನಬಾರದು.

ತಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ಬೇಲಿ ಕೊಡಿ, ಪೈಪ್ ಕೊಡಿ. ರಜೆಯ ಕೂಲಿಗೆ ಆದೇಶ ಮಾಡಿಸಿ. ಬರುವ ಹಿಂಗಾರಿಗೆ ಮುಂಚೆ ಯಾವ ಯಾವ ಶಾಲೆಗೆ ಬೇಲಿ ಆಗುತ್ತದೆಂಬ ಪಟ್ಟಿಯನ್ನು ಹೆಸರು ಸಮೇತ ಪ್ರಕಟಿಸಿ. ಅಲ್ಲಿಯವರೆಗೆ ದಯವಿಟ್ಟು ಯಾವ ಶಾಲೆಯಿಂದಲೂ ಫೋಟೊ ತರಿಸಬೇಡಿ.

ಇಂತಿ,
ತಮ್ಮ ಕ್ಷೇತ್ರದ ಮತದಾರ