ಆ್ಯಂಜಿ ಆಗುವ ಮುಂಚೆ ಇದನ್ನೊಮ್ಮೆ ಓದು

ಪುಟ್ಟಿ,

ನಿನ್ನೆ ಪಾತ್ರೆ ಒರೆಸುತ್ತಾ "ಹೊಸ ಸ್ಕೂಲಲ್ಲಿ ನಾನು ಆ್ಯಂಜಿ" ಅಂದೆ. ಹ್ಞೂಂ ಅಂದು ಸುಮ್ಮನಾದೆ. ಎದುರಿಗೆ ಮಾತಾಡಿದರೆ ಭಾಷಣ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಕಷ್ಟ ಆದರೆ ಜೋರಾಗಿ ಓದಿಕೋ.

ನಿನ್ನ ಹೆಸರು ಅಙ್‌ಹರದ್ ಇದೆಯಲ್ಲ, ವೆಲ್ಶ್ ಭಾಷೆಯಲ್ಲಿ ಅದರ ಅರ್ಥ ಬಹಳ ಪ್ರೀತಿಯವಳು. ವೇಲ್ಸ್‌ನ ಕಾರ್ಮಾರ್ಥೆನ್‌ನಿಂದ ಮಾಮ್‌ಗೀ, ಅಂದರೆ ಅಪ್ಪನ ಅಮ್ಮ, ಫೋನ್ ಮಾಡಿದಾಗ ನಿನ್ನನ್ನು 'ಕಾರಿಯಾದ್' ಅಂತಾರಲ್ಲ, ಎರಡರ ಬೇರೂ ಒಂದೇ. ವೇಲ್ಸ್‌ನಲ್ಲಿ ಇದು ತುಂಬ ಹಳೇ ಹೆಸರು. 12ನೇ ಶತಮಾನದ ಲೇಖಕ ಜೆರಾಲ್ಡ್ ಆಫ್ ವೇಲ್ಸ್‌ನ ಅಮ್ಮನೂ ಅಙ್‌ಹರದ್ದೇ. ಆದರೆ ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ಅಲ್ವಾ?

ನಿಜ ಹೇಳ್ಲಾ? ಮೊದಲು ಈ ಹೆಸರು ನನಗೇ ಬೇಡವಾಗಿತ್ತು. ಈ ದೇಶಕ್ಕೆ ಬಂದ ಮೊದಲ ವಾರವೇ ಆಫೀಸಲ್ಲಿ ಭಾಗೀರಥಿ ಹೋಗಿ 'ಬ್ಯಾಗ್ಸ್' ಆದೆ. ನಕ್ಕು ಒಪ್ಪಿಕೊಂಡೆ. ಹದಿನಾಲ್ಕು ವರ್ಷ ಆಯ್ತು. ಈಗ ತಿದ್ದಲು ಹೋದರೆ ತಪ್ಪು ನನ್ನದೇ ಅನ್ನೋ ಹಾಗೆ ನೋಡ್ತಾರೆ. ಮಗಳಿಗಾದರೂ ಸುಲಭದ ಹೆಸರಿರಲಿ ಅಂದುಕೊಂಡಿದ್ದೆ.

ನನ್ನ ಮನಸ್ಸು ಬದಲಾಯಿಸಿದ್ದು ಒಂದು ಅಕ್ಷರ. ನೀನು ಹುಟ್ಟುವ ಮುಂಚೆ ಅಪ್ಪ ಈ ಹೆಸರನ್ನು ನಿಧಾನವಾಗಿ ಹೇಳಿದರು. ನಾನು ಕರೆಂಟ್ ಬಿಲ್ಲಿನ ಹಿಂದೆ ಕನ್ನಡದಲ್ಲಿ 'ಅಂಗ್‌ಹರದ್' ಅಂತ ಬರೆದು ಓದಿದೆ. "ಗ ಬೇಡ, ಗ ಇಲ್ಲ" ಅಂದರು. ವೆಲ್ಶ್ ವರ್ಣಮಾಲೆಯಲ್ಲಿ ಎನ್ ಜಿ ಸೇರಿ ಒಂದೇ ಅಕ್ಷರವಂತೆ, ಜಿ ಆದಮೇಲೆ ಬರುತ್ತಂತೆ. ಮೂಗಿನಲ್ಲೇ ನಿಂತುಬಿಡುವ ಸದ್ದು. ಅರೆ, ಇದು ನಮ್ಮ ಙ! ಕ ಖ ಗ ಘ ಆದಮೇಲೆ ಸುಮ್ನೆ ಕೂತಿರುತ್ತಲ್ಲ, ಅದು. ಒಂದನೇ ಕ್ಲಾಸಲ್ಲಿ ಸ್ಲೇಟು ತುಂಬ ಬರೆದಿದ್ದು ಬಿಟ್ಟರೆ ಆಮೇಲೆ ಒಂದು ದಿನವೂ ಅದರ ಕೆಲಸ ಬಿದ್ದಿರಲಿಲ್ಲ. ಗ ಹೊಡೆದು ಙ ಬರೆದೆ, ಮತ್ತೆ ಓದಿದೆ. ಅಪ್ಪ ನನ್ನ ಮುಖ ನೋಡಿ "ನಮ್ಮಮ್ಮ ಹೇಳಿದ ಹಾಗೇ ಇದೆ" ಅಂದರು. ಆ ಬಿಲ್ಲು ಇನ್ನೂ ನನ್ನ ಹತ್ತಿರ ಇದೆ.

ಶಿವಮೊಗ್ಗದ ಅಜ್ಜಿ ಮಾತ್ರ ಹ ಎಳೆದು 'ಅಂಗಹಾರ' ಮಾಡಿಕೊಂಡರು. ಭರತನಾಟ್ಯದ ಪದ, ಚೆನ್ನಾಗೇ ಇದೆಯಲ್ಲ ಅಂತಾರೆ. ಅವರನ್ನು ನಾನು ತಿದ್ದಲ್ಲ. ಅದು ಬೇರೆ ಲೆಕ್ಕ.

ನಿನ್ನ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಆರನೇ ಹುಟ್ಟುಹಬ್ಬದ ಕೇಕ್ ನೆನಪಿದ್ಯಾ? ಫೋನಲ್ಲಿ ಹೆಸರು ಹೇಳಿದ್ದು ನಾನೇ. ಡಬ್ಬಿ ತೆಗೆದರೆ ಗುಲಾಬಿ ಬಣ್ಣದಲ್ಲಿ 'ಹ್ಯಾಪಿ ಬರ್ತ್‌ಡೇ ಆ್ಯಂಗ್ರಿ ಡ್ಯಾಡ್'! ಅಪ್ಪ 'ಡ್ಯಾಡ್' ಇದ್ದ ತುಂಡನ್ನೇ ಹುಡುಕಿ ತಿಂದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನೀನು ನಗಲಿಲ್ಲ. ಫೋಟೋದಲ್ಲಿ ಈಗ ಕಾಣುತ್ತೆ, ಅವತ್ತು ನನಗೆ ಕಾಣಲಿಲ್ಲ.

ಸ್ಕೂಲಿನ ಫಾರ್ಮ್ ಫ್ರಿಜ್ ಮೇಲಿದೆ. 'ಕರೆಯುವ ಹೆಸರು' ಅನ್ನೋ ಜಾಗ ಖಾಲಿ ಬಿಟ್ಟಿದ್ದೇನೆ. ನೀನೇ ತುಂಬು. ಆ್ಯಂಜಿ ಅಂತ ಬರೆದರೂ ನಾನು ಸೈನ್ ಹಾಕ್ತೀನಿ, ಮುಖ ಸ್ವಲ್ಪ ಊದಿಸಿಕೊಂಡು.

ಮಾಮ್‌ಗೀಗೆ ಮಾತ್ರ ನೀನೇ ಹೇಳಬೇಕು. ನನಗೆ ಅಷ್ಟು ಧೈರ್ಯ ಇಲ್ಲ.

ಅಮ್ಮ