ಉದ್ಯಾನದಲ್ಲಿ ಹಗ್ಗ ಬಿಚ್ಚಿದ ನಾಯಿಗಳು: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಹಗ್ಗವಿಲ್ಲದೆ ಬಿಟ್ಟ ಸಾಕುನಾಯಿಗಳು ಉದ್ಯಾನದಲ್ಲಿ ಮಕ್ಕಳ ಮೇಲೂ ಹಿರಿಯರ ಮೇಲೂ ಎರಗುತ್ತಿರುವುದರಿಂದ ಈ ಸೂಚನೆಯನ್ನು ಬರೆಯುತ್ತಿದ್ದೇನೆ. ಬಾಲ ಸೆಟೆದು, ಬೆನ್ನಿನ ಕೂದಲು ನಿಮಿರಿ, ತುಟಿ ಮೇಲೆತ್ತಿ ಗುರುಗುಟ್ಟುವ ನಾಯಿ ಎದುರಾದಾಗ ಓಡಬೇಡಿ, ಕಿರುಚಬೇಡಿ, ಅದರ ಕಣ್ಣನ್ನೇ ದಿಟ್ಟಿಸಬೇಡಿ. ಓಡುವುದನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ. ಕೊಂಚ ಓರೆಯಾಗಿ ತಿರುಗಿ, ಕೈಗಳನ್ನು ಮೈಗೆ ಒತ್ತಿಕೊಂಡು ಅಲುಗದೆ ನಿಂತು, ಅದು ಸುಮ್ಮನಾದ ಮೇಲೆ ನಿಧಾನವಾಗಿ ಹಿಂದೆ ಸರಿಯಿರಿ. ಮೇಲೆರಗಿದರೆ ಚೀಲವನ್ನೋ ಕೊಡೆಯನ್ನೋ ಅಡ್ಡ ಹಿಡಿಯಿರಿ. ಬಿದ್ದರೆ ಮುದುಡಿಕೊಂಡು ಕತ್ತು, ಕಿವಿಗಳನ್ನು ಮುಚ್ಚಿಕೊಳ್ಳಿ.

ಹಲ್ಲು ತಾಕಿದ ಗಾಯ ತರಚಿದಷ್ಟೇ ಇದ್ದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಿರಿ, ಏಕೆಂದರೆ ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ನಾಯಿಗೆ ಲಸಿಕೆ ಆಗಿದೆಯೇ ಎಂಬುದನ್ನು ಮಾಲೀಕರಿಂದ ಕೇಳಿ ತಿಳಿದುಕೊಳ್ಳಿ.

ಕಳೆದ ವಾರ ನನ್ನ ಮೊಮ್ಮಗಳ ತೋಳಿಗೆ ನಾಯಿ ಬಾಯಿ ಹಾಕುವಾಗಲೂ ಅದರ ಒಡೆಯರು ದೂರದಿಂದಲೇ "ಅದು ಏನೂ ಮಾಡುವುದಿಲ್ಲ" ಎನ್ನುತ್ತಿದ್ದರು. ತಪ್ಪು ನಾಯಿಯದಲ್ಲ, ಹಗ್ಗ ಬಿಚ್ಚಿದವರದು ಎಂದೇ ನಾನು ನಂಬಿದ್ದೇನೆ. ಆದ್ದರಿಂದ ಕಲ್ಲು ಹೊಡೆಯದೆ, ಜಗಳಕ್ಕಿಳಿಯದೆ, ದಿನ, ಸಮಯ, ಸ್ಥಳಗಳನ್ನು ಬರೆದಿಟ್ಟುಕೊಂಡು, ಸಾಧ್ಯವಾದರೆ ದೂರದಿಂದ ಚಿತ್ರ ತೆಗೆದು, ಉದ್ಯಾನದ ಆಡಳಿತಕ್ಕೆ ಲಿಖಿತ ದೂರು ಕೊಡಿ.