ಕ್ಯಾಪ್ಟನ್‌ಗಳನ್ನ ತಯಾರು ಮಾಡಿದ ಟೀಚರಮ್ಮಂದಿರು

ಮಾನ್ಯ ಸಂಪಾದಕರೇ,

ಹಡಗುಗಳ ಇತಿಹಾಸ ಅಂದ್ರೆ ಪತ್ರಿಕೆಗಳಲ್ಲಿ ಮಾಲೀಕರು, ಯುದ್ಧ ಇಷ್ಟೇ ಬರುತ್ತೆ, ದಯವಿಟ್ಟು ಬ್ರಿಟನ್ನಿನ ವೇಲ್ಸ್‌ನ ನಾವಿಕರ ಬಗ್ಗೆನೂ ಒಂದು ಲೇಖನ ಹಾಕಿ. ಪೋರ್ಥ್‌ಮಾಡೊಗ್‌ನಂಥ ಸಣ್ಣ ಬಂದರಿಂದ ಸ್ಲೇಟ್ ಕಲ್ಲು ಸಾಗಿಸೋ ಹಡಗಲ್ಲಿ ಅಡುಗೆ ಕೆಲಸಕ್ಕೆ ಸೇರಿದ ಹುಡುಗರು ಆಮೇಲೆ ಹಗ್ಗ ಹಾಯಿ ಎಲ್ಲಾ ಕಲ್ತು, ಪರೀಕ್ಷೆ ಬರೆದು, ಕ್ಯಾಪ್ಟನ್ ಕೈಕೆಳಗಿನ ಆಫೀಸರ್‌ಗಳಾದ ಸೆಕೆಂಡ್ ಮೇಟ್, ಫಸ್ಟ್ ಮೇಟ್, ಕೊನೆಗೆ ಮಾಸ್ಟರ್ ಅಂದ್ರೆ ಕ್ಯಾಪ್ಟನ್ ಆಗ್ತಿದ್ರು. 1850ರ ಕಾಯ್ದೆ ಬಂದ್ಮೇಲೆ ವಿದೇಶಕ್ಕೆ ಹೋಗೋ ಬ್ರಿಟಿಷ್ ಹಡಗುಗಳ ಮಾಸ್ಟರ್, ಮೇಟ್‌ಗಳಿಗೆ ಸರ್ಟಿಫಿಕೇಟ್ ಕಡ್ಡಾಯ ಆಯ್ತು, ಮೊದ್ಲೇ ಆ ಹುದ್ದೆಲಿದ್ದೋರಿಗೆ ಮಾತ್ರ ಅನುಭವ ನೋಡಿ ಪರೀಕ್ಷೆ ಇಲ್ದೆ ಕೊಟ್ರು.

ಮನೇಲಿ ವೇಲ್ಸ್‌ನ ವೆಲ್ಷ್ ಭಾಷೆ ಮಾತಾಡೋ ಹುಡುಗರಿಗೆ ಪರೀಕ್ಷೆ ಇಂಗ್ಲಿಷಲ್ಲಿ, ಅದ್ರ ಮೇಲೆ ಸೂರ್ಯ ನಕ್ಷತ್ರ ನೋಡಿ ಹಡಗು ಎಲ್ಲಿದೆ ಅಂತ ಲೆಕ್ಕ ಹಾಕೋದು, ಎಷ್ಟು ಕಷ್ಟ ಯೋಚ್ನೆ ಮಾಡಿ! ಇದನ್ನ ಕಲಿಸಿದೋರಲ್ಲಿ ಹೆಂಗಸರೂ ಇದ್ರು: ವೇಲ್ಸ್‌ನ ಕಾರ್ನಾರ್ವನ್ ಊರಲ್ಲಿ ದಶಕಗಟ್ಟಲೆ ಪಾಠ ಹೇಳಿದ ಎಲೆನ್ ಎಡ್ವರ್ಡ್ಸ್, ಅಲ್ಲೇ ಲಾನ್‌ಗ್ರಾನಾಗ್ ಊರ ಕಡೆ ಪಾಠ ಹೇಳಿದ, ಕ್ರಾನೋಗ್ವೆನ್ ಅನ್ನೋ ಕಾವ್ಯನಾಮದಿಂದ ಹೆಸರಾದ ಕವಯಿತ್ರಿ ಸಾರಾ ಜೇನ್ ರೀಸ್. ಹೆಂಗಸರು ಹಡಗಿನ ಆಫೀಸರ್ ಆಗೋದು ಊಹೆಗೂ ಸಿಗದ ಕಾಲದಲ್ಲಿ ಇವ್ರು ಆಫೀಸರ್‌ಗಳನ್ನೇ ತಯಾರು ಮಾಡ್ತಿದ್ರು, ನನಗಂತೂ ಇವ್ರ ಮೇಲೆ ತುಂಬಾ ಗೌರವ. ನಿಮ್ಮ ಭಾನುವಾರದ ಪುರವಣಿಲಿ ಇವರಿಬ್ಬರಿಗೆ ಒಂದು ಪೂರ್ತಿ ಪುಟ ಕೊಡಿ ಸರ್.

– ನಿಮ್ಮ ಓದುಗ